ಸಭಾಂಗಣದ ಖಾಲಿ ಕುರ್ಚಿಗಳು

ವಿಶ್ವವಿದ್ಯಾನಿಲಯಗಳಲ್ಲಿ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳ ಕುರಿತು ಸಾರ್ವಜನಿಕ ಉಪನ್ಯಾಸಗಳೂ ವಿಚಾರ ಸಂಕಿರಣಗಳೂ ನಡೆಯುತ್ತಿರುತ್ತವೆ. ಅನೇಕ ಬಾರಿ ಅಲ್ಲಿನ ಚರ್ಚಾವಸ್ತು ನಾವೇ ಆಗಿರುತ್ತೇವೆ. ಆದರೆ ಸಭಿಕರ ಸಾಲಿನಲ್ಲಿ ನಾವು ಕಾಣಿಸಿಕೊಳ್ಳುವುದು ವಿರಳ.

2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯು ತನ್ನ ವರದಿ ಸಲ್ಲಿಸಿತು. 2001ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ. 65.1 ಇದ್ದಾಗ ಮುಸ್ಲಿಮರದು ಶೇ. 59.1 ಎಂದು ಅದು ಎತ್ತಿ ತೋರಿಸಿತು. ಆ ವರದಿಯ ಮೇಲೆ ದೇಶದ ಹಲವೆಡೆ ಗೋಷ್ಠಿಗಳು ನಡೆದವು. ನಾವೂ ಆ ಅಂಕಿಗಳನ್ನು ವೇದಿಕೆಗಳಲ್ಲಿ ಉಲ್ಲೇಖಿಸಿ ಮರುಗಿದೆವು. ಆದರೆ ಅಂಕಿಗಳನ್ನು ಸಂಗ್ರಹಿಸುವ, ವಿಶ್ಲೇಷಿಸುವ, ಪ್ರಶ್ನಿಸುವ ವಿದ್ಯೆಯತ್ತ ನಮ್ಮ ಮಕ್ಕಳನ್ನು ಕಳುಹಿಸಿದೆವೇ? ಮಗ ಇಂಜಿನಿಯರ್, ಮಗಳು ಡಾಕ್ಟರ್. ನಮ್ಮ ಕನಸು ಅಲ್ಲಿಗೇ ಮುಗಿಯುತ್ತದೆ. ಕಲಾ ವಿಭಾಗವೆಂದರೆ ಅಂಕ ಬಾರದವರ ಆಶ್ರಯತಾಣವೆಂಬ ತಾತ್ಸಾರ ನಮ್ಮದು.

ಸಮಾಜಗಳ ಏಳುಬೀಳಿನ ಕಾರಣಗಳನ್ನು ಶೋಧಿಸಿ 1377ರಲ್ಲಿ 'ಮುಕದ್ದಿಮ' ಬರೆದ ಇಬ್ನು ಖಲ್ದೂನ್‌ರ ವಾರಸುದಾರರಿಗೆ ಈ ತಾತ್ಸಾರ ಶೋಭಿಸದು. ಸರ್ ಸಯ್ಯಿದ್ ಅಹ್ಮದ್ ಖಾನ್‌ರು ಕಾಲೇಜು ಕಟ್ಟಿ ಸುಮ್ಮನಾಗಲಿಲ್ಲ. 1886ರಲ್ಲಿ ಶೈಕ್ಷಣಿಕ ಸಮ್ಮೇಳನವನ್ನು ಆರಂಭಿಸಿ, ಚರ್ಚೆಯನ್ನು ಅಲಿಘಡದಿಂದ ಇತರ ನಗರಗಳಿಗೂ ಕೊಂಡೊಯ್ದರು.

ನಮ್ಮೂರ ಕಾಲೇಜಿನಲ್ಲಿ ಇಂತಹ ಉಪನ್ಯಾಸವಿದ್ದರೆ ಮಗಳನ್ನೂ ಮಗನನ್ನೂ ಜೊತೆಗೆ ಕರೆದೊಯ್ಯೋಣ. ಒಪ್ಪದ ಮಾತು ಕೇಳಿಬಂದರೆ ಎದ್ದು ಹೊರನಡೆಯುವ ಬದಲು ಆಧಾರಸಹಿತ ಪ್ರಶ್ನಿಸೋಣ. ನಮ್ಮ ಕುರಿತ ಮಾತನ್ನು ಇತರರಿಗೇ ಬಿಟ್ಟುಕೊಟ್ಟು, ಅನಂತರ ತಪ್ಪಾಗಿ ಚಿತ್ರಿಸಿದರೆಂದು ದೂರುವುದು ನ್ಯಾಯವೇ?