‘ಗಾಳಿ ಹೋಯಿತಾ?’

ಅಪೆಂಡಿಕ್ಸ್ ಒಡೆದು ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಹುಡುಗನೊಬ್ಬ ವಾರ್ಡಿನಲ್ಲಿ ಮಲಗಿದ್ದಾನೆ ಎಂದುಕೊಳ್ಳಿ. ಬೆಳಿಗ್ಗೆ ಬಂದ ವೈದ್ಯರು ನಾಡಿ ನೋಡುತ್ತಾರೆ, ಹೊಟ್ಟೆ ಮುಟ್ಟುತ್ತಾರೆ. ಆಮೇಲೆ ಕೇಳುತ್ತಾರೆ: ‘ಗಾಳಿ ಹೋಯಿತೇನಪ್ಪಾ?’ ಹುಡುಗ ನಾಚಿ ಗೋಡೆಯ ಕಡೆ ತಿರುಗುತ್ತಾನೆ. ಪಕ್ಕದ ಮಂಚದವರು ಮುಸಿಮುಸಿ ನಗುತ್ತಾರೆ. ತಾಯಿಯ ಚಿಂತೆಯೇ ಬೇರೆ: ‘ಎರಡು ದಿನದಿಂದ ಹೊಟ್ಟೆಗೇನೂ ಇಲ್ಲ ಡಾಕ್ಟ್ರೇ, ಒಂದು ಲೋಟ ಗಂಜಿಯಾದರೂ ಕೊಡಲಾ?’

ತಾಯಿಯ ಪ್ರಶ್ನೆಗೆ ಉತ್ತರ ಬಹುಪಾಲು ವೈದ್ಯರ ಪ್ರಶ್ನೆಯಲ್ಲೇ ಅಡಗಿದೆ. ಅದು ಹೇಗೆ?

ಮಳೆಗಾಲದಲ್ಲಿ ಎರೆಹುಳು ತೆವಳುವುದನ್ನು ಎಲ್ಲರೂ ನೋಡಿರುತ್ತಾರೆ. ಕರುಳಿನ ಗೋಡೆಯ ಸ್ನಾಯುಗಳ ಚಲನೆಯೂ ಹೆಚ್ಚುಕಡಿಮೆ ಹಾಗೆಯೇ. ಆಹಾರದ ಹಿಂದಿನ ಭಾಗ ಬಿಗಿಯುತ್ತದೆ, ಮುಂದಿನ ಭಾಗ ಸಡಿಲಗೊಳ್ಳುತ್ತದೆ. ಆಹಾರ ಮುಂದೆ ಸರಿಯುತ್ತದೆ. ಇದಕ್ಕೆ ಪೆರಿಸ್ಟಾಲ್ಸಿಸ್ ಎಂದು ಹೆಸರು. ಕರುಳಿನ ಗೋಡೆಯೊಳಗಿನ ನರಜಾಲವೇ ಈ ಕೆಲಸ ನಡೆಸಬಲ್ಲದು ಎಂಬುದನ್ನು ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ತೋರಿಸಿಕೊಟ್ಟರು.

ಹೊಟ್ಟೆ ತೆರೆದು ಕರುಳನ್ನು ಕೈಯಿಂದ ಸರಿಸಿದಾಗ ಈ ಚಲನೆ ನಿಂತುಬಿಡುತ್ತದೆ. ಅಮೆರಿಕದ ಕ್ಯಾನನ್ ಮತ್ತು ಮರ್ಫಿ 1906ರಲ್ಲೇ ಇದನ್ನು ಪ್ರಯೋಗದಿಂದ ಕಂಡುಕೊಂಡಿದ್ದರು. ಒಳಗಿನ ಉರಿಯೂತ, ನೋವಿಗೆ ಕೊಡುವ ಮಾರ್ಫಿನ್ ಜಾತಿಯ ಔಷಧಿ, ರಕ್ತದಲ್ಲಿ ಪೊಟ್ಯಾಸಿಯಂ ಕೊರತೆ ಇವೂ ಕರುಳನ್ನು ಮಂಕಾಗಿಸುತ್ತವೆ. ವೈದ್ಯರು ಇದನ್ನು ‘ಇಲಿಯಸ್’ ಎನ್ನುತ್ತಾರೆ.

ಮತ್ತೆ ಎಚ್ಚರಗೊಳ್ಳುವುದರಲ್ಲೂ ಒಂದು ಕ್ರಮವಿದೆ. ಸಾಮಾನ್ಯವಾಗಿ ಸಣ್ಣ ಕರುಳು ಒಂದು ದಿನದೊಳಗೆ, ಜಠರ ಒಂದೆರಡು ದಿನಗಳಲ್ಲಿ, ದೊಡ್ಡ ಕರುಳು ಎರಡು ಮೂರು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಕೊನೆಗೆ ಏಳುವುದು ದೊಡ್ಡ ಕರುಳು. ಆದ್ದರಿಂದಲೇ ಗಾಳಿ ಹೋಯಿತೆಂದರೆ ಇಡೀ ದಾರಿ ಸಾಗುತ್ತಿದೆ ಎಂಬುದಕ್ಕೆ ಒಳ್ಳೆಯ ಸೂಚನೆ.

ಹಿಂದೆ ಗಾಳಿ ಹೋಗುವವರೆಗೂ ಎಲ್ಲರನ್ನೂ ಉಪವಾಸ ಇಡುತ್ತಿದ್ದರು. 1990ರ ದಶಕದಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಮತ್ತಿತರರು ಈ ಪದ್ಧತಿಯನ್ನು ಪ್ರಶ್ನಿಸಿದರು. ಈಗ ಹಲವು ಶಸ್ತ್ರಚಿಕಿತ್ಸೆಗಳ ಬಳಿಕ ಬೇಗನೆ ದ್ರವಾಹಾರ ಕೊಟ್ಟು, ಬೇಗನೆ ಎಬ್ಬಿಸಿ ನಡೆಸುತ್ತಾರೆ. ಕೆಲವೆಡೆ ಚ್ಯೂಯಿಂಗ್ ಗಮ್ ಅಗಿಯಲು ಕೊಡುವುದೂ ಉಂಟು. ಬಾಯಿ ಅಗಿದರೆ ಊಟ ಬರುತ್ತಿದೆಯೆಂದು ಕರುಳು ಏಳಲಿ ಎಂಬ ಉಪಾಯ! ಯಾರಿಗೆ ಯಾವಾಗ ಏನು ಎಂಬುದು ವೈದ್ಯರ ತೀರ್ಮಾನ. ಅವರು ಕೊಡಿ ಎಂದಾಗ ಹೆದರಬಾರದು; ಬೇಡ ಎಂದಾಗ ಸೆರಗಿನ ಮರೆಯಲ್ಲಿ ಕೊಡಬಾರದು. ಅಲುಗಾಡದ ಹೊಟ್ಟೆಗೆ ಬಿದ್ದದ್ದು ವಾಂತಿಯಾಗಿ, ಶ್ವಾಸನಾಳಕ್ಕೆ ಇಳಿದರೆ ಅಪಾಯ.

ಇನ್ನೊಂದು ತೊಂದರೆಯಿದೆ. ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗ ಒಳಗೆ ನಾರಿನಂಥ ಪಟ್ಟಿಗಳು ಬೆಳೆದು ಕರುಳಿನ ಸುರುಳಿಗಳನ್ನು ಅಂಟಿಸಬಹುದು, ಬಿಗಿಯಬಹುದು. ತೋಟದ ಭಾಷೆಯಲ್ಲಿ ಹೇಳುವುದಾದರೆ, ಇಲಿಯಸ್ ಎಂದರೆ ಪಂಪು ನಿಂತಂತೆ. ಇದು ಪಂಪು ಓಡುತ್ತಿದ್ದರೂ ಪೈಪು ಮಡಚಿಕೊಂಡಂತೆ. ಇದೇ ಕರುಳಿನ ಅಡಚಣೆ. ಅಲೆಅಲೆಯಾಗಿ ಹಿಂಡುವ ನೋವು, ಹಸಿರು ವಾಂತಿ, ಉಬ್ಬುವ ಹೊಟ್ಟೆ, ಮಲವೂ ಗಾಳಿಯೂ ಹೋಗದಿರುವುದು ಇದರ ಲಕ್ಷಣಗಳು. ಒಮ್ಮೆ ಸರಿಹೋಗಿ ಊಟ ಮಾಡತೊಡಗಿದವರಲ್ಲಿ ಇವು ಮತ್ತೆ ಕಂಡರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬಿಡುವಿಲ್ಲದ ತೀವ್ರ ನೋವು, ಜ್ವರ, ವೇಗದ ನಾಡಿ ಸೇರಿಕೊಂಡರೆ ಕರುಳಿಗೆ ರಕ್ತ ಹರಿಯುವುದೇ ನಿಂತಿರಬಹುದು. ಆಗ ಪ್ರತಿ ಗಂಟೆಯೂ ಅಮೂಲ್ಯ.

ಆಸ್ಪತ್ರೆಯಲ್ಲಿ ಬಾಯಿಗೆ ಏನೂ ಕೊಡದೆ, ಮೂಗಿನಿಂದ ಜಠರಕ್ಕೆ ರೈಲ್ಸ್ ಟ್ಯೂಬ್ ಇಳಿಸಿ ತುಂಬಿದ್ದನ್ನು ಹೊರತೆಗೆಯುತ್ತಾರೆ. ಡ್ರಿಪ್ ಮೂಲಕ ನೀರು, ಲವಣ ತುಂಬುತ್ತಾರೆ. ಎಕ್ಸ್-ರೇ ಅಥವಾ ಸಿ.ಟಿ. ಸ್ಕ್ಯಾನ್ ಮಾಡಿ ನಿಂತದ್ದು ಪಂಪೋ, ಮಡಚಿದ್ದು ಪೈಪೋ ಎಂದು ತಿಳಿಯುತ್ತಾರೆ. ಅಂಟುಗಳಿಂದಾದ ಎಷ್ಟೋ ಅಡಚಣೆಗಳು ಇಷ್ಟರಿಂದಲೇ ಬಿಡುತ್ತವೆ. ಬಿಡದಿದ್ದರೆ, ರಕ್ತಸಂಚಾರಕ್ಕೆ ಕುತ್ತು ಬಂದಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ. ಮನೆಯಲ್ಲಿ ‘ಮಲಬದ್ಧತೆ ಇರಬೇಕು’ ಎಂದು ಹರಳೆಣ್ಣೆ ಕುಡಿಸುವುದು, ಭೇದಿ ಮಾತ್ರೆ ಕೊಡುವುದು ಖಂಡಿತ ಸಲ್ಲದು. ಅಡಚಣೆ ಎಷ್ಟೋ ವರ್ಷಗಳ ಬಳಿಕವೂ ಬರಬಹುದು. ಆದ್ದರಿಂದ ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಿ. ಹೊಟ್ಟೆನೋವೆಂದು ಯಾವ ವೈದ್ಯರ ಬಳಿ ಹೋದರೂ ಹಳೆಯ ಗಾಯದ ಗುರುತು ತೋರಿಸಿ.

ಮಕ್ಕಳಿಗೆ ಹೇಳಿಕೊಡಬೇಕಾದದ್ದು ಇಷ್ಟೇ: ಈ ಪ್ರಶ್ನೆಗೆ ನಾಚಬೇಡಿ, ನಿಜ ಹೇಳಿ. ವೈದ್ಯರ ಕಾಟ ತಪ್ಪಲೆಂದೋ ಗಂಜಿಯ ಆಸೆಗೋ ಹೋಗದಿದ್ದರೂ ‘ಹೋಯ್ತು’ ಎಂದುಬಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪಬಹುದು. ಮೂರನೆಯ ದಿನವೋ ನಾಲ್ಕನೆಯ ದಿನವೋ ಹುಡುಗ ತಾನಾಗಿಯೇ ‘ಹೋಯ್ತು ಸಾರ್’ ಎಂದಾಗ ವಾರ್ಡು ನಕ್ಕರೆ ನಗಲಿ. ತಾಯಿ ಗಂಜಿಯ ಲೋಟ ತೊಳೆದಿಡಬಹುದು.