ಅಕ್ಕಿ ಕಾಳಿನಷ್ಟು ಪೇಸ್ಟಿಗೆ ಇಷ್ಟೊಂದು ಭಯ ಯಾಕೆ?

ಅಮೆರಿಕದ ಎಷ್ಟೋ ಕನ್ನಡ ಮನೆಗಳ ಬಾತ್‌ರೂಮಲ್ಲಿ ಈಗ ಆ ಟ್ಯೂಬ್ ಇರುತ್ತೆ: ಸ್ಟ್ರಾಬೆರಿ ರುಚಿ, ಹಸಿರೆಲೆಯ ಚಿತ್ರ, ದೊಡ್ಡದಾಗಿ ‘ಫ್ಲೋರೈಡ್ ಇಲ್ಲ’. ಯಾಕೆ ಅಂದರೆ ಉತ್ತರ ರೆಡಿ: “ಪಾವಗಡದ ಕಡೆ ನೋಡಿಲ್ವಾ, ಫ್ಲೋರೈಡಿಂದ ಹಲ್ಲೆಲ್ಲ ಕಂದು!”

ನೋಡಿದ್ದೀವಿ. ಪಾವಗಡ, ಕೋಲಾರದ ಬೋರ್‌ವೆಲ್ ನೀರಿನ ಕಷ್ಟ ನಿಜ. ಆದರೆ ಲೆಕ್ಕ ಹಾಕೋಣ, ನನ್ನ ಕಸುಬೇ ಅದು. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಮಗು ದಿನಾ ಒಂದು ಲೀಟರ್ ಕುಡಿದರೆ ಹೊಟ್ಟೆಗೆ ಹೋಗೋದು 3 ಮಿಲಿಗ್ರಾಂ, ಅದೂ ವರ್ಷಗಟ್ಟಲೆ. 1000 ಪಿಪಿಎಂ ಪೇಸ್ಟು ಅಕ್ಕಿ ಕಾಳಿನಷ್ಟು, ಅಂದರೆ ಸುಮಾರು 0.1 ಗ್ರಾಂ ತಗೊಂಡರೆ ಅದರಲ್ಲಿರೋದು 0.1 ಮಿಲಿಗ್ರಾಂ. ಎರಡು ಹೊತ್ತೂ ಪೂರ್ತಿ ನುಂಗಿದರೂ 0.2. ಮೊದಲ ಹಲ್ಲು ಮೂಡಿದಾಗಿಂದ ಮೂರು ವರ್ಷದವರೆಗೆ ಇಲ್ಲಿನ ದಂತವೈದ್ಯರ ಸಂಘ ಹೇಳೋದೂ ಇಷ್ಟನ್ನೇ.

ಇಷ್ಟಕ್ಕೆ ಹೆದರುವವರೇ ರಾತ್ರಿ ಮಗುವಿನ ಬಾಯಿಗೆ ಹಾಲಿನ ಬಾಟಲಿ ಕೊಟ್ಟು ಮಲಗಿಸ್ತಾರೆ! ನಿದ್ದೆಯಲ್ಲಿ ಜೊಲ್ಲು ಕಮ್ಮಿ. ಹಾಲಿನ ಸಕ್ಕರೆ ಹಲ್ಲಿನ ಮೇಲೇ ಉಳಿಯುತ್ತೆ, ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತೆ. ಸಾಮಾನ್ಯವಾಗಿ ಮೊದಲು ಹಾಳಾಗೋದು ಮೇಲಿನ ಮುಂದಿನ ಹಲ್ಲುಗಳು.

“ಹಾಲುಹಲ್ಲು ತಾನೇ, ಬೀಳುತ್ತೆ ಬಿಡಿ” ಅನ್ನೋರಿಗೆ ಒಂದು ಮಾತು. ದವಡೆಯ ಹಾಲುಹಲ್ಲುಗಳಲ್ಲಿ ಕೊನೆಯವು ಬೀಳೋದು 10–12ನೇ ವಯಸ್ಸಿಗೆ. ಮೂರಕ್ಕೇ ಹುಳುಕಾದರೆ ಅಷ್ಟು ವರ್ಷ ಮಗು ಅಗಿಯೋದು ಹೇಗೆ? ಪುಟ್ಟ ಮಕ್ಕಳ ನಾಲ್ಕೈದು ಹಲ್ಲು ಸರಿಮಾಡೋಕೆ ಎಷ್ಟೋ ಸಲ ಪೂರ್ತಿ ಅರಿವಳಿಕೆಯೇ ಕೊಡಬೇಕಾಗುತ್ತೆ. ಭಯಪಡೋದಾದರೆ ಅದಕ್ಕೆ ಪಡಿ.

ನಾಮಕರಣಕ್ಕೆ, ಅನ್ನಪ್ರಾಶನಕ್ಕೆ, ಕಿವಿ ಚುಚ್ಚೋಕೆ ಮುಹೂರ್ತ ಹುಡುಕ್ತೀರಲ್ಲ, ಮೊದಲ ಹುಟ್ಟುಹಬ್ಬದೊಳಗೆ ಡೆಂಟಿಸ್ಟ್ ಹತ್ರವೂ ಒಂದು ದಿನ ಗೊತ್ತು ಮಾಡಿ.