ಕಿರಿಯ ಕ್ಯಾನ್ಸರ್ ವೈದ್ಯರಿಗೂ ಬೇಕು ಹಿರಿಯರ ಆಸರೆ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. 1941ರಲ್ಲಿ ಆರಂಭವಾದ ಈ ಆಸ್ಪತ್ರೆಗೆ ಊರಿನಿಂದ ರೋಗಿಗಳು ಬಂದಾಗ ವಸತಿ, ರಕ್ತ, ಧನಸಹಾಯ ಎಂದು ಕನ್ನಡ ಸಂಘಗಳವರು ಓಡಾಡುವುದು ಶ್ಲಾಘನೀಯ. ಆದರೆ ಅದೇ ಆಸ್ಪತ್ರೆಗೆ ಕಲಿಯಲು ಬರುವ ಕಿರಿಯ ವೈದ್ಯರತ್ತ ಸಂಘಗಳ ಗಮನ ಅಷ್ಟಾಗಿ ಹರಿದಿಲ್ಲ.

ಪದವಿ ಕೈಗೆ ಬಂದ ಮಾತ್ರಕ್ಕೆ ಕಲಿಕೆ ಮುಗಿಯುವುದಿಲ್ಲ. ಬ್ಯಾಂಕಿಗೆ ಸೇರಿದ ಹೊಸ ಗುಮಾಸ್ತನೂ ಹಿರಿಯರ ಪಕ್ಕದಲ್ಲಿ ಕುಳಿತೇ ಲೆಡ್ಜರ್ ಕಲಿಯುತ್ತಾನೆ. ಅಲ್ಲಿ ತಪ್ಪಾದರೆ ಸಂಜೆ ಲೆಕ್ಕ ತಾಳೆಯಾಗದು, ಅಷ್ಟೇ. ಕ್ಯಾನ್ಸರ್ ವಾರ್ಡಿನ ಮಾತು ಹಾಗಲ್ಲ. ಚಿಕಿತ್ಸೆ ನಿಲ್ಲಿಸುವ ಹೊತ್ತು ಯಾವುದು, ಮನೆಯವರಿಗೆ ಕಹಿ ಸುದ್ದಿ ಹೇಗೆ ಹೇಳಬೇಕು, ಯಾವ ಪ್ರಶ್ನೆ ಸಂಶೋಧನೆಗೆ ಯೋಗ್ಯ ಎಂಬುದನ್ನು ಪುಸ್ತಕವೊಂದೇ ಕಲಿಸಲಾರದು.

ಇದನ್ನು ಮನಗಂಡವರಿದ್ದಾರೆ. ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸೊಸೈಟಿ 2002ರಲ್ಲಿ ‘ಐಡಿಯಾ’ ಯೋಜನೆ ಆರಂಭಿಸಿ, ಹಿಂದುಳಿದ ದೇಶಗಳ ಕಿರಿಯ ತಜ್ಞರನ್ನು ತನ್ನ ಹಿರಿಯ ಸದಸ್ಯರೊಂದಿಗೆ ಜೋಡಿಸಿತು. ಇಲ್ಲಿ ಟಾಟಾ ಸ್ಮಾರಕ ಕೇಂದ್ರ ಮತ್ತು ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ 2015ರಲ್ಲಿ ‘ಕ್ರೆಡೊ’ ಕಾರ್ಯಾಗಾರಕ್ಕೆ ನಾಂದಿ ಹಾಡಿದವು. ಕಿರಿಯ ವೈದ್ಯರು ತಮ್ಮ ಸಂಶೋಧನೆಯ ಹೊಳಹು ತರುತ್ತಾರೆ. ದೇಶ ವಿದೇಶದ ಅನುಭವಿಗಳು ಜೊತೆಗೆ ಕುಳಿತು ತಿದ್ದುತ್ತಾರೆ. ವಾರದೊಳಗೆ ಅದು ಪೂರ್ಣ ಯೋಜನೆಯ ರೂಪ ಪಡೆಯುತ್ತದೆ.

ಆದರೆ ವಾರ ಮುಗಿದ ಮೇಲೆ? ಜಿಲ್ಲಾ ಕೇಂದ್ರಕ್ಕೆ ಮರಳಿದ ವೈದ್ಯ ಮತ್ತೆ ಒಬ್ಬಂಟಿ. ಹಿರಿಯರಿಗೋ ಹೊರರೋಗಿಗಳ ಸಾಲಿನ ನಡುವೆ ಪುರುಸೊತ್ತಿಲ್ಲ. ಆದುದರಿಂದ ಮಾರ್ಗದರ್ಶನವನ್ನು ಉಪಕಾರವೆಂದು ಬಗೆಯದೆ, ಕೆಲಸದ ಭಾಗವೆಂದೇ ಪರಿಗಣಿಸಿ ಆಸ್ಪತ್ರೆಗಳು ಅದಕ್ಕೆ ಸಮಯ ನಿಗದಿಪಡಿಸಬೇಕು.

ಇದರಲ್ಲಿ ಸಂಘಗಳಿಗೇನು ಕೆಲಸ ಎಂದು ಕೆಲವರು ಕೇಳಬಹುದು. ವೈದ್ಯಕೀಯ ಕಲಿಸುವುದು ವೈದ್ಯರ ಕೆಲಸವೇ ಸರಿ. ಪರಿಚಯ ಮಾಡಿಸುವುದು ಸಂಘದ ಕೆಲಸ. ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರು ಈ ನಗರದ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ಮೇಲೆ ಬಂದುದು ಹಿರಿಯರು ಕೈಹಿಡಿದುದರಿಂದಲೇ. ಇಂದು ಸಂಘಗಳ ವೇದಿಕೆಯಲ್ಲಿ ಹಿರಿಯ ವೈದ್ಯರಿಗೆ ಶಾಲು, ಹಾರ, ಫಲಪುಷ್ಪಗಳ ಸನ್ಮಾನ ನಡೆಯುತ್ತದೆ. ನಡೆಯಲಿ. ಅದೇ ವೇದಿಕೆಯಲ್ಲಿ ಒಬ್ಬ ಕಿರಿಯ ವೈದ್ಯನನ್ನೋ ವೈದ್ಯೆಯನ್ನೋ ಅವರಿಗೆ ಒಪ್ಪಿಸಿ, ತಿಂಗಳಿಗೊಂದು ಗಂಟೆಯ ಮಾತು ಪಡೆದರೆ ಸನ್ಮಾನ ಸಾರ್ಥಕ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ. ಅಂತಹ ಕಡೆ ನುರಿತ ವೈದ್ಯರು ನೆಲೆ ನಿಂತರೆ, ಅಲ್ಲಿನ ರೋಗಿ ಪರೇಲಿನ ಫುಟ್‌ಪಾತಿನಲ್ಲಿ ರಾತ್ರಿ ಕಳೆಯುವ ಪ್ರಮೇಯ ತಪ್ಪೀತು. ಸಂಘಟಕರು ಮನಸ್ಸು ಮಾಡಬೇಕಾಗಿದೆ.